ನಾಗವೇಣಿ ದೊಡ್ಡವಳಾದದ್ದು

ಸೆಪ್ಟೆಂಬರ್ 2, ಸಂಜೆ

ಮತ್ತೆ ಸಿಂಧನೂರು. ಮತ್ತೆ ತರಬೇತಿ. ಈ ಸಲ ಮಕ್ಕಳ ಸುರಕ್ಷತೆ. ಪರದೆಯ ಎಡಕ್ಕೆ ಅಪಾಯದ ಅಂಶಗಳು, ಬಲಕ್ಕೆ ರಕ್ಷಣೆಯ ಅಂಶಗಳು. ಟೈ ಕಟ್ಟಿದವನೊಬ್ಬ ಓದುತ್ತಾ ಹೋದ, ನಾವು ತೂಕಡಿಸುತ್ತಾ ಹೋದೆವು. ಉಪ್ಪಿಟ್ಟು ಆರಿ ಗಟ್ಟಿಯಾಗಿತ್ತು. ಬಲಗಡೆಯ ಮೊದಲ ಅಂಶ — 'ಮಗು ನಂಬಬಹುದಾದ ಹಿರಿಯರು'. ನಮ್ಮ ಶಾಲೆಯ ಊರಿನ ಮಕ್ಕಳ ರಕ್ಷಣಾ ಸಮಿತಿ ಅಧ್ಯಕ್ಷ ದೊಡ್ಡಬಸಪ್ಪ ಪಕ್ಕದಲ್ಲೇ ಕೂತು ಗೊರಕೆ ಹೊಡೆಯುತ್ತಿದ್ದ. ನಂಬಿ, ಮಕ್ಕಳೇ.

ಸೆಪ್ಟೆಂಬರ್ 4

ಲಿಂಗಸುಗೂರಿನ ಬಸ್ ಲೇಟು. ಏಳನೇ ತರಗತಿಯ ನಾಗವೇಣಿ ಇವತ್ತೂ ಇಲ್ಲ. ಅಪ್ಪ ಅವ್ವ ಕೂಲಿ ಹುಡುಕಿ ಗುಳೆ ಹೋಗಿದ್ದಾರೆ, ಅಜ್ಜಿ ಆದೆಮ್ಮನ ಹತ್ತಿರ ಇರುವ ಹುಡುಗಿ. ಇಡೀ ಕ್ಲಾಸಿನಲ್ಲಿ ಅರ್ಥ ಮಾಡಿಕೊಂಡು ಓದುವವಳು ಅವಳೊಬ್ಬಳೇ. ಹೆಡ್‌ಮಾಸ್ಟರಿಗೆ ಹೇಳಿದೆ. "ಊರ ಉಸಾಬರಿ ನಮಗ್ಯಾಕ್ರಿ ಮೇಡಂ," ಅಂದರು. ಈ ಮನುಷ್ಯನಿಗೆ ಬೆನ್ನೆಲುಬು ಇದ್ದಿದ್ದರೆ ಕುರ್ಚಿಗೆ ದಿಂಬು ಬೇಕಾಗುತ್ತಿರಲಿಲ್ಲ.

ಶಾಲೆ ಬಿಟ್ಟ ಮೇಲೆ ನಾನೇ ಹೋದೆ. ದೊಡ್ಡಬಸಪ್ಪನ ಬೀಜದ ಹತ್ತಿ ಹೊಲ. ಸಾಲಿನ ತುಂಬ ಸಣ್ಣ ಹುಡುಗಿಯರು. ಸಂಜೆ ಮೊಗ್ಗು ಸುಲಿಯುವುದು, ಬೆಳಿಗ್ಗೆ ಗಂಡು ಹೂವನ್ನು ಹೆಣ್ಣು ಹೂವಿಗೆ ಮುಟ್ಟಿಸುವುದು. ನಾಗವೇಣಿ ನನ್ನನ್ನು ಕಂಡು ಕೈ ಹಿಂದೆ ಬಚ್ಚಿಟ್ಟುಕೊಂಡಳು. ಅಷ್ಟರಲ್ಲೇ ಕಂಡಿತು, ಉಗುರಿನ ಸುತ್ತ ಚರ್ಮ ಕಿತ್ತಿತ್ತು.

"ದೊಡ್ಡ ಹೆಂಗಸ್ರು ಸಿಗಂಗಿಲ್ಲೇನ್ರಿ ನಿಮಗ?" ಎಂದೆ, ಬದುವಿನ ಮೇಲೆ ನಿಂತಿದ್ದ ದೊಡ್ಡಬಸಪ್ಪನಿಗೆ.

"ಮೈನೆರೆದೋರ್ನ ನಾ ಈ ಹೊಲಕ್ಕ ಬಿಡಂಗಿಲ್ರಿ ಟೀಚರ್," ಅಂದ. "ಮುಟ್ಟಾದೋರು ಕಾಲಿಟ್ರ ಹೂವೆಲ್ಲ ಉದುರ್ತಾವ."

ಈತ ಅಧ್ಯಕ್ಷ. ಥೂ.

ಸೆಪ್ಟೆಂಬರ್ 10

ಬಸ್ಸಿನಲ್ಲಿ ಹೊಳೆಯಿತು. ಅವನ ದಡ್ಡತನವನ್ನೇ ಅವನಿಗೆ ತಿರುಗಿಸಿದರೆ?

ನಾಗವೇಣಿಯನ್ನು ಬೋರ್‌ವೆಲ್ ಹತ್ತಿರ ಹಿಡಿದೆ. "ದೊಡ್ಡಾಕಿ ಆಗೀನಿ ಅಂತ ಹೇಳು. ಆತ ಮತ್ತ ನಿನ್ನ ಕರೆಯಂಗಿಲ್ಲ."

"ಸುಳ್ಳಲ್ರಿ ಅದು. ಆಯಿ ಕೇಳ್ತಾಳ್ರಿ."

"ಆಯಿಗೆ ನಾ ಹೇಳ್ತೀನಿ."

ಅಜ್ಜಿಗೆ ಹೇಳಿಯೂ ಬಂದೆ. ಬೋರ್‌ವೆಲ್ ಹತ್ತಿರವೇ ಆಯಿತು, ನಾನೇ ಕಣ್ಣಾರೆ ನೋಡಿದೆ ಎಂದು. ಆದೆಮ್ಮ ಸೆರಗು ಕಣ್ಣಿಗೆ ಒತ್ತಿಕೊಂಡಳು. "ವಿಜಯಶ್ರೀ ಟೀಚರ್ರ, ತಾಯಿ ಇದ್ದಂಗ ಅದೀರಿ ನೀವು." ಮುದುಕಿ ಎಷ್ಟು ಸಲೀಸಾಗಿ ನಂಬಿದಳು.

ಸೆಪ್ಟೆಂಬರ್ 12

ಕೆಲಸ ಆಯಿತು. ದೊಡ್ಡಬಸಪ್ಪ ಸುದ್ದಿ ಕೇಳಿ, ಅವಳು ನಡೆದ ಸಾಲಿಗೆಲ್ಲ ಗೋಮೂತ್ರ ಚಿಮುಕಿಸಿದನಂತೆ. ಊಟ ಮಾಡುವಾಗ ನೆನೆಸಿಕೊಂಡು ನಕ್ಕೆ. ಟೈ ಕಟ್ಟಿದವನಿಗೆ ಇಂಥ ಉಪಾಯ ಏಳು ಜನ್ಮಕ್ಕೂ ಹೊಳೆಯದು.

ಸೆಪ್ಟೆಂಬರ್ 23

ನಾಗವೇಣಿಯ ಆರತಿಗೆ ಕರೆದಿದ್ದರು. ನಾನೇ ಹುಟ್ಟಿಸಿದ ನಾಟಕ, ಹೋಗದೆ ಇರಲಾದೀತೆ. ಹೆಂಗಸರೆಲ್ಲ ಹಾಡಿದ್ದೇ ಹಾಡಿದ್ದು. ಸೋದರಮಾವ ಕನಕರಾಜ ಮಸ್ಕಿಯಿಂದ ಸೀರೆ ತಂದಿದ್ದ. ಟ್ರ್ಯಾಕ್ಟರ್ ಡ್ರೈವರ್, ಬಾಯಿ ತುಂಬ ಗುಟ್ಕಾ, ಮೀಸೆಗೆ ಕಪ್ಪು ಬಣ್ಣ. ನಾಗವೇಣಿ ದಿಂಬಿಗೆ ಸೀರೆ ಸುತ್ತಿದಂತೆ ಕಾಣುತ್ತಿದ್ದಳು. ಕಣ್ಣು ಸೇರಿದಾಗ ಇಬ್ಬರಿಗೂ ನಗು. ನಾನೂ ಉಡಿ ತುಂಬಿದೆ. ಹೋಳಿಗೆ ಚೆನ್ನಾಗಿತ್ತು.

ನಾಳೆಯಿಂದ ಶಾಲೆಗೆ ಬರುತ್ತಾಳೆ.

ಅಕ್ಟೋಬರ್ 21

ದಸರಾ ರಜೆ ಮುಗಿದು ಮೊದಲ ದಿನ. ನಾಗವೇಣಿ ಇಲ್ಲ. ಮತ್ತೆ ಹತ್ತಿ ಹೊಲ ಎಂದುಕೊಂಡು ಸಿಟ್ಟಿನಲ್ಲೇ ಮನೆಗೆ ಹೋದೆ.

ಆದೆಮ್ಮ ಚಾಪೆ ಹಾಸಿದಳು. "ದೀಪಾವಳಿ ಆದ ಮ್ಯಾಗ ಅಕ್ಕಿಕಾಳು ಹಾಕಿ ಮದಿವಿ ಮಾಡ್ತೀವ್ರಿ. ಕನಕರಾಜಗ."

ಏನು ಕೇಳಿದೆನೋ ನೆನಪಿಲ್ಲ. ಅವಳೇ ಹೇಳಿದಳು. "ಮೈನೆರೆದ ಹುಡುಗೀರಿ. ಅಪ್ಪ ಅವ್ವ ದೂರ ಅದಾರ. ನಾ ಮುದುಕಿ, ಎಷ್ಟಂತ ಕಾಯ್ಲಿ? ಒಂದು ಆಸ್ರ ಬೇಕಲ್ರಿ."

"ಆಕಿ ಮೈನೆರೆದಿಲ್ಲ ಯಮ್ಮ. ಹೊಲ ತಪ್ಪಸಾಕ ನಾನೇ ಸುಳ್ಳು ಹೇಳೀನಿ."

ಆದೆಮ್ಮ ನನ್ನನ್ನೇ ನೋಡಿದಳು. ಸಿಟ್ಟಾಗಲಿಲ್ಲ. ನಾನು ಹೆಡ್‌ಮಾಸ್ಟರನ್ನು ನೋಡುವ ಹಾಗೆ ನೋಡಿದಳು.

"ಆವಾಗ ಕಣ್ಣಾರೆ ನೋಡೀನಿ ಅಂದ್ರಿ. ಉಡಿ ತುಂಬಿದ್ರಿ. ಈಗ ಮದಿವಿ ತಪ್ಪಸಾಕ ಸುಳ್ಳು ಹೇಳಾಕತ್ತೀರಿ. ಓದಿದೋರು ಹಿಂಗ ಮಾಡಬಾರ್ದ್ರಿ."

ಒಳಗಿನ ಬಾಗಿಲಲ್ಲಿ ನಾಗವೇಣಿ ನಿಂತಿದ್ದಳು. ಕೈತುಂಬ ಹಸಿರು ಬಳೆ. ಉಗುರು ಮಾತ್ರ ವಾಸಿಯಾಗಿತ್ತು.

"ಟೀಚರ್, ನಾ ಹೊಲಕ್ಕ ಹೋಗ್ತೀನ್ರಿ," ಎಂದಳು. "ದೊಡ್ಡಬಸಪ್ಪ ಸಾವ್ಕಾರ್ರಿಗೆ ಹೇಳ್ರಿ, ನಾ ದೊಡ್ಡಾಕಿ ಆಗಿಲ್ಲಂತ. ನೀವು ಹೇಳಿದ್ರ ನಂಬ್ತಾರ."

ಬಸ್ಸಿನಲ್ಲಿ ಅತ್ತುಬಿಟ್ಟೆ. ಕಂಡಕ್ಟರ್ ಟಿಕೆಟ್ ಕೇಳದೆ ಮುಂದೆ ಹೋದ.

ಅಕ್ಟೋಬರ್ 22, ಬೆಳಿಗ್ಗೆ

ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಆ ಕಡೆ ಒಬ್ಬ ಹುಡುಗಿ, ಸಮಾಧಾನದ ದನಿ. ಎಲ್ಲ ಬರೆದುಕೊಂಡಳು. ಇವತ್ತೇ ಬರುತ್ತಾರಂತೆ. ಬಂದರೆ ನೋಡೋಣ. ಬಂದವರಿಗೂ ಆದೆಮ್ಮ ನಾನು ಹೇಳಿದ ಆ ಸುಳ್ಳನ್ನೇ ಹೇಳುತ್ತಾಳೆ...

ನಾಗವೇಣಿಗೆ ಯಾರಿಂದ ಅಪಾಯ ಎಂದು ಕೇಳಿದಳು. ದೊಡ್ಡಬಸಪ್ಪ ಎಂದೆ, ಜೋರಾಗಿ. ಕನಕರಾಜ ಎಂದೆ. ಆದೆಮ್ಮನ ಹೆಸರು ಹೇಳುವಾಗ ದನಿ ಇಳಿಯಿತು.

"ಇನ್ನೂ ಯಾರರ ಅದಾರೇನ್ರಿ ಮೇಡಂ?"

ಅದಾರ, ಎಂದೆ.

"ಹೆಸರು ಹೇಳ್ರಿ."

ವಿಜಯಶ್ರೀ, ಎಂದೆ. ಏಳನೇ ತರಗತಿಯ ಟೀಚರ್. ನಾನೇ.