ಕೌದಿಯ ನಾಲ್ಕನೆಯ ಮೂಲೆ

ಕುಲಗೋಡ
೧೭ ಆಗಸ್ಟ್ ೨೦೨೫, ರವಿವಾರ

ಸಿಟ್ಟು ಮಾಡಿಕೊಳ್ಳಲು ಬಾರದ ನನ್ನ ಅರ್ಚನಾಳಿಗೆ, ಸಿಟ್ಟಿನ ಮಾಯಾಳ ನಮಸ್ಕಾರ.

ಇಲ್ಲಿ ನಾನು, ಅವ್ವ, ಎರಡು ಎಮ್ಮೆ ಎಲ್ಲರೂ ಆರಾಮ. ನಮ್ಮವರು ಕಬ್ಬಿಗೆ ನೀರು ಬಿಡಲು ಹೋಗಿದ್ದಾರೆ. ಹುಕ್ಕೇರಿಯಲ್ಲಿ ನೀನು ಹೇಗಿದ್ದೀ ಎಂದು ಕೇಳುವ ಮುಖ ನನಗಿಲ್ಲ. ಆರು ತಿಂಗಳಿಂದ ನಿನ್ನ ಒಂದು ಫೋನೂ ಎತ್ತಲಿಲ್ಲ. ಆದರೆ ಹೋದ ವಾರ ನೀನು ಕಳಿಸಿದ ವಾಯ್ಸ್ ಮೆಸೇಜ್ ಏಳು ಸಲ ಕೇಳಿದ್ದೇನೆ. "ದಸರಾ ಆದ ಮ್ಯಾಲ ಮಿಷನ್ ಗಾಡಿ ರಾಜಸ್ಥಾನಕ್ಕ ಹೊಂಟೈತಿ. ನೀ ಬರಲಿಲ್ಲಂದ್ರ ನಾನೂ ಹೋಗಂಗಿಲ್ಲ. ಹೂಂ ಅಂತಿದ್ರ ಹೂಂ ಅನ್ನು, ಒಲ್ಲೆ ಅಂತಿದ್ರ ಒಲ್ಲೆ ಅನ್ನು." ಇಷ್ಟು ಹೇಳಿ ಮೆಸೇಜ್ ಮುಗಿಸಿದ್ದೀ. ನಡುವೆ ಮೂಗು ಏರಿಸಿದ ಸದ್ದೂ ಕೇಳಿಸಿತು, ನೆಗಡಿ ಎಂದು ಸುಳ್ಳು ಹೇಳಬೇಡ.

ಉತ್ತರ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ನಾಲ್ಕು ಆಡುತ್ತೀ. ಕಾಗದಕ್ಕೆ ಬಾಯಿ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು, ಹೂಂ ಇದೆಯೋ ಒಲ್ಲೆ ಇದೆಯೋ ಎಂದು ಕೊನೆಯ ಸಾಲಿಗೆ ಜಿಗಿಯಬೇಡ.

ಜನವರಿಯ ಆ ಮುಂಜಾನೆ ನೆನಪಿದೆಯಾ? ಒಡಿಶಾಕ್ಕೆ ಹೊರಟ ಹುಕ್ಕೇರಿಯ ಕನ್ನಡಕ ಮಿಷನ್ನಿನ ಗಾಡಿ ಗೋಕಾಕಕ್ಕೆ ಬಂದು ನನ್ನನ್ನು ಹತ್ತಿಸಿಕೊಂಡಾಗ ಚಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ಬಡವರ ಊರಿಗೆ ಹೋಗಿ ಕಣ್ಣು ಪರೀಕ್ಷಿಸಿ ಪುಕ್ಕಟೆ ಕನ್ನಡಕ ಹಂಚುವುದು ಡಾಕ್ಟರ್ ಅಣ್ಣಾಸಾಹೇಬರ ಕೆಲಸ, ಅವರಿಗೆ ಕೈಯಾಗುವುದು ನರ್ಸಾದ ನಿನ್ನ ಕೆಲಸ. ಎಮ್ಮೆ ಹಿಂಡುವುದು, ಹಳೆ ಬಟ್ಟೆಯ ಚೂರು ಸೇರಿಸಿ ಕೌದಿ ಹೊಲಿಯುವುದು ಬಿಟ್ಟರೆ ಬೇರೇನೂ ಬಾರದ ನಾನು ಅಲ್ಲಿ ಏನು ಮಾಡಬೇಕಿತ್ತೋ ಆ ದೇವರಿಗೇ ಗೊತ್ತು. ಮಿಷನ್ನಿನ ಹಿರಿಯರು ಗಾಡಿಯ ಮುಂದೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ನೀನು ತುಕ್ಕಾನಟ್ಟಿಯ ಕುರುಬರ ಮಗಳು, ಬಿಟ್ಟೀಯಾ? ಅವರು ಕಣ್ಣು ತೆರೆಯುವುದರೊಳಗೆ ನಾಲ್ಕೂ ಗಾಲಿಗೆ ಬೀರಪ್ಪನ ಭಂಡಾರದ ಅರಿಷಿಣ ಹಚ್ಚಿ ಮುಗಿಸಿದ್ದಿ. ಇಪ್ಪತ್ತೊಂದು ದಿನ, ಒಂದು ಗಾಲಿಯೂ ಪಂಕ್ಚರ್ ಆಗಲಿಲ್ಲ. ಯಾವ ದೇವರು ಕಾಯ್ದನೋ, ಇಬ್ಬರಿಗೂ ಕೈ ಮುಗಿಯೋಣ.

ಡ್ರೈವರ್ ಉದ್ದಪ್ಪನನ್ನು ನೆನೆಸಿಕೊಂಡರೆ ಈಗಲೂ ಒಬ್ಬಳೇ ನಗುತ್ತೇನೆ. ಸೊಲ್ಲಾಪುರ ದಾಟಿ, ನಾಗಪುರ ದಾಟಿ, ಛತ್ತೀಸಗಡ ಸೇರಿದರೂ ಅವನು ಅನ್ನ ಮುಟ್ಟಲಿಲ್ಲ. "ಅನ್ನಾ ಉಂಡು ಗಾಡಿ ಹೊಡದ್ರ ನಿದ್ದಿ ಬರ್ತೈತ್ರಿ ಅಕ್ಕಾರ, ಆಮ್ಯಾಲ ನನ್ನ ಬೈಯಬ್ಯಾಡ್ರಿ" ಎಂದು ನಮ್ಮ ಒಣ ಕಟಿ ರೊಟ್ಟಿಯ ಗಂಟಿಗೇ ಕೈ ಹಾಕುತ್ತಿದ್ದ. ಹನ್ನೆರಡನೆಯ ದಿನ ಗಂಟಿನಲ್ಲಿ ಬರೀ ಪುಡಿ ಉಳಿದಾಗ ಆ ಪುಡಿಯನ್ನೂ ಮೊಸರಿನಲ್ಲಿ ಕಲಸಿ ಉಂಡನಲ್ಲ ಪುಣ್ಯಾತ್ಮ.

ಸೂಜಿಯ ಉಪಾಯ ನಿನ್ನದು. ಓದು ಬಾರದ ಹೆಂಗಸರಿಗೆ ಅಕ್ಷರದ ಹಲಗೆ ತೋರಿಸಿ ಏನು ಉಪಯೋಗ? ಕನ್ನಡಕ ಹಾಕಿಸಿ ಸೂಜಿ ದಾರ ಕೊಟ್ಟರಾಯಿತು, ಪೋಣಿಸಿದರೆ ನಂಬರು ಸರಿ ಎಂದಿ. ಆ ಕೆಲಸಕ್ಕೆ ನನ್ನನ್ನು ಕೂಡ್ರಿಸಿದಿ. ನಾನು ಒಯ್ದಿದ್ದ ಅರೆಹೊಲಿದ ಕೌದಿಯನ್ನೇ ಹಾಸಿಕೊಂಡು ಕುಳಿತೆ. ವರ್ಧಾ ಹತ್ತಿರದ ಹಳ್ಳಿಯಲ್ಲಿ ಮೊದಲ ಹೆಂಗಸು ದಾರ ಪೋಣಿಸಿದ್ದೇ ತಡ, ಖುಷಿಗೆ ಸೂಜಿ ವಾಪಸು ಕೊಡಲೇ ಇಲ್ಲ. ನನ್ನ ಕೌದಿಯ ಮೇಲೆ ಬಗ್ಗಿ ಒಂದು ಗೇಣು ಹೊಲಿಗೆ ಹಾಕಿಯೇ ಎದ್ದಳು. ಅಲ್ಲಿಂದ ಅದೇ ಪದ್ಧತಿಯಾಯಿತು. ಕಣ್ಣು ಕಂಡವಳೆಲ್ಲ ಒಂದು ಗೇಣು ಹೊಲಿಯಬೇಕು. ಮರಾಠಿ ಊರುಗಳ ತನಕ ನಮಗೆ ಮಾತು ನಡೆಯಿತು, ಮುಂದೆ ಬರೀ ಕೈಸನ್ನೆ. ಆದರೂ ಹೆಂಗಸರು ಸೆರಗಿನ ಚೂರು ಹರಿದು ತಂದು ಇಲ್ಲಿ ಹಚ್ಚು, ಅಲ್ಲಿ ಹಚ್ಚು ಎಂದು ಜಗಳ ಮಾಡಿದ್ದು ನಮಗೆ ಚೆನ್ನಾಗಿ ತಿಳಿಯಿತು. ಅಷ್ಟು ಸಂತೋಷವನ್ನು ನಾನು ನನ್ನ ಮದುವೆಯಲ್ಲೂ ಕಂಡಿರಲಿಲ್ಲ. ಇದನ್ನು ನಮ್ಮವರಿಗೆ ಹೇಳಬೇಡ.

ಇನ್ನು ಒಡಿಶಾದ ಆ ಕೊನೆಯ ಶಿಬಿರ. ನಾನೇ ಬರೆಯುತ್ತೇನೆ, ನೀನು ನಗಬೇಡ.

ಅಂದು ಒಬ್ಬ ಅಜ್ಜಿಗೆ ಸೂಜಿ ಕೊಟ್ಟೆ. ಪೋಣಿಸಲಾಗಲಿಲ್ಲ. ಇನ್ನೂ ದಪ್ಪ ಕನ್ನಡಕ ಬೇಕೆಂದು ಅಣ್ಣಾಸಾಹೇಬರ ಕಡೆ ಕಳಿಸಿದೆ. ತಿರುಗಿ ಬಂದಳು, ಆಗಲಿಲ್ಲ. ಮತ್ತೆ ಕಳಿಸಿದೆ. ಮೂರನೆಯ ಸಲ ಅಜ್ಜಿ ಸೂಜಿಯ ತುದಿಯನ್ನು ಉಗುರಿನಿಂದ ತಡವಿ ನೋಡಿ, ಹಲ್ಲಿಲ್ಲದ ಬಾಯಿ ಬಿಟ್ಟು ನಗತೊಡಗಿದಳು. ನಾನು ಕೊಟ್ಟ ಸೂಜಿಗೆ ತೂತೇ ಇರಲಿಲ್ಲ, ಆ ತುದಿ ಎಂದೋ ಮುರಿದುಹೋಗಿತ್ತು. ಆಗ ನೀನು ಐವತ್ತು ಹೆಂಗಸರ ಮುಂದೆ ಕೂಗಿದಿ: "ಡಾಕ್ಟರ್ರ, ಆ ಅಜ್ಜೀನ್ನ ಬಿಡ್ರಿ, ಮೊದಲ ನಮ್ಮ ಮಾಯಾಗ ಚಾಳೀಸ ಹಾಕ್ರಿ!" ಕನ್ನಡ ಬಾರದವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾನು ಎದ್ದು ಹೋಗಿ ಗಾಡಿಯಲ್ಲಿ ಕುಳಿತೆ. ಮರುದಿನ ಪುರಿಯಲ್ಲಿ ಜನ್ಮದಲ್ಲಿ ಮೊದಲ ಸಲ ಸಮುದ್ರ ನೋಡಿದೆ, ಅದೂ ನಿನಗೆ ಬೆನ್ನು ತಿರುಗಿಸಿ ನಿಂತು. ತಿರುಗಿ ಗೋಕಾಕ ಮುಟ್ಟುವವರೆಗೆ ನಿನ್ನ ಕೂಡ ಮಾತಾಡಲಿಲ್ಲ. ನಲವತ್ತಾರರ ಹೆಂಗಸಿಗೆ ಚಾಳೀಸಿನ ಕನ್ನಡಕ ಎಂದರೆ ನಾಚಿಕೆ, ಮುದುಕಿಯಾದೆನೆಂದು ಒಪ್ಪದ ಸೊಕ್ಕು ಎಂದು ನೀನು ತಿಳಿದಿರಬೇಕು. ಅದಲ್ಲ ಅರ್ಚನಾ. ನನಗೆ ಅಂಜಿಕೆ.

ಮೂಡಲಗಿ ಹೈಸ್ಕೂಲಿನಲ್ಲಿ ನಾವು ಒಂದೇ ಬೆಂಚಿನವರಾದರೂ ಇದನ್ನು ನಿನಗೆಂದೂ ಹೇಳಿಲ್ಲ. ನಮ್ಮ ಅವ್ವನ ಕಣ್ಣು ಹೋದದ್ದು ನಿನಗೆ ಗೊತ್ತು, ಹೇಗೆ ಹೋದವೆಂಬುದು ಗೊತ್ತಿಲ್ಲ. ಅವಳಿಗೂ ನನ್ನ ವಯಸ್ಸಿನಲ್ಲಿ ಮೊದಲು ಸೂಜಿಯೇ ಕಾಣದಾಯಿತು. ವಯಸ್ಸಿನ ದೋಷವೆಂದು ಎಲ್ಲರೂ ಬಿಟ್ಟರು. ಕಣ್ಣಿನೊಳಗೆ ಒತ್ತಡವಿದೆ, ನರ ಒಣಗಿದೆ ಎಂದು ಡಾಕ್ಟರರು ಹೇಳುವ ಹೊತ್ತಿಗೆ ಹೊತ್ತು ಮೀರಿತ್ತು. ಎರಡು ವರ್ಷದಿಂದ ನನಗೆ ಸೂಜಿಯ ತೂತು ಕಾಣುತ್ತಿರಲಿಲ್ಲ. ಯಾರಿಗೂ ಹೇಳದಿದ್ದರೆ ಅದು ಮುಂದುವರಿಯಲಾರದೆಂದು ಸುಮ್ಮನಿದ್ದೆ. ಊರೂರಿನ ಹೆಂಗಸರಿಗೆ ಕಣ್ಣು ತೋರಿಸಿಕೊಳ್ಳಲು ಹೇಳುತ್ತಾ ನಾನು ಮಾತ್ರ ತೋರಿಸಿಕೊಳ್ಳಲಿಲ್ಲ. ನಿನ್ನ ಮೇಲೆ ಸಿಟ್ಟು ಬರಲು ನೀನು ನಕ್ಕದ್ದಲ್ಲ ಕಾರಣ, ನೀನು ಹೇಳಿದ್ದು ಖರೆ ಇತ್ತು.

ಮನೆಗೆ ಬಂದವಳೇ ಕೌದಿಯನ್ನು ಟ್ರಂಕಿನ ತಳಕ್ಕೆ ಹಾಕಿದೆ. ಮೂರು ಮೂಲೆ ಮುಗಿದು ನಾಲ್ಕನೆಯದು ಬಾಯಿ ತೆರೆದೇ ಇತ್ತು. ಅವ್ವನ ಪದ್ಧತಿ ನಿನಗೆ ಹೇಳಿದ್ದೆನಲ್ಲ, ಕೌದಿಯ ಕಡೆಯ ಮೂಲೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟು ಹೊಲಿಯಬೇಕು. ಕೌದಿಯ ಹೊಟ್ಟೆ ತುಂಬಿದರೆ ಹೊದ್ದವರು ಹಸಿದು ಮಲಗುವುದಿಲ್ಲವಂತೆ. ಆ ರೊಟ್ಟಿ ಹೊಲಿದವಳ ಮನೆಯದಾಗಬಾರದು, ಬೇರೆ ಮನೆಯವರೇ ಉಣ್ಣಿಸಬೇಕು.

ಜುಲೈಯಲ್ಲಿ ಮಳೆ ಹಿಡಿದಾಗ ಅವ್ವ ಹೊತ್ತು ಹೋಗದೆ ಆ ಕೌದಿ ಕೇಳಿದಳು. ಒಂದೊಂದೇ ಹೊಲಿಗೆ ತಡವುತ್ತಾ ಇದು ಯಾವ ಊರು, ಇದು ಯಾವ ಊರು ಎಂದು ಕೇಳುತ್ತಾ ಹೋದಳು. ದೊಡ್ಡ ದೊಡ್ಡ ಹೊಲಿಗೆಯ ಛತ್ತೀಸಗಡದವಳಿಗೆ "ಈಕೀಗೆ ಮನ್ಯಾಗ ಅವಸರ ಇತ್ತವಾ" ಎಂದಳು. ಕಡೆಗೆ ತೆರೆದ ಮೂಲೆಗೆ ಬಂದು ಬೆರಳು ಒಳಗೆ ಹಾಕಿದವಳೇ, "ಮಾಯಾ, ಈ ಕೌದಿ ಏನೋ ನುಂಗೇತಿ ನೋಡವಾ" ಎಂದಳು.

ನೀನು ಇಟ್ಟಿದ್ದ ಚಾಳೀಸು! ಯಾವಾಗ ಇಟ್ಟಿ? ಪುರಿಯಲ್ಲಿ ನಾನು ಬೆನ್ನು ತಿರುಗಿಸಿದ್ದಾಗಲಾ? ಅರ್ಚನಾ ಮರೆತು ಬಿಟ್ಟದ್ದಿರಬೇಕು ಎಂದು ಅವ್ವನಿಗೆ ಸುಳ್ಳು ಹೇಳಿದೆ. ಅವಳು ಹೌದೇನೋ ಎಂದು ಮತ್ತೆ ಕೌದಿ ತಡವತೊಡಗಿದಳು. ನಾನು ಮೆಲ್ಲಗೆ ಹಾಕಿಕೊಂಡು ತಲೆ ಎತ್ತಿದೆ. ಮೊಳದ ದೂರದಲ್ಲಿ ಅವ್ವ ಕುಳಿತಿದ್ದಳು. ಅವಳ ಹಣೆಯ ಹಚ್ಚೆಯ ಮೂರು ಚುಕ್ಕಿ, ಗಲ್ಲದ ಮೇಲಿನ ಬಿಳಿ ಕೂದಲು, ತುಟಿಯ ಅಂಚಿನ ಸುಕ್ಕು ಎಲ್ಲ ಕಂಡವು. ಎರಡು ವರ್ಷದಿಂದ ಅವ್ವನ ಮುಖವನ್ನು ಸರಿಯಾಗಿ ನೋಡೇ ಇರಲಿಲ್ಲವೆಂದು ಗೊತ್ತಾಗಿ ಅತ್ತುಬಿಟ್ಟೆ.

ಮರುದಿನವೇ ಮುಂಜಾನೆಯ ಬಸ್ಸಿಗೆ ಒಬ್ಬಳೇ ಗೋಕಾಕಕ್ಕೆ ಹೋದೆ. ಕಣ್ಣಿನ ಡಾಕ್ಟರಮ್ಮ ಔಷಧದ ಹನಿ ಹಾಕಿದರು, ಬೆಳಕು ಬಿಟ್ಟು ನೋಡಿದರು. ಕಡೆಗೆ ಹೇಳಿದರು: "ಒತ್ತಡ ಏನೂ ಇಲ್ರಿ, ನರ ಛಲೋ ಐತಿ. ವಯಸ್ಸಿನ ಚಾಳೀಸ ಅಷ್ಟ. ಆದ್ರ ತಾಯೀಗೆ ಇತ್ತಂದ್ರ ವರ್ಷಕ್ಕೊಮ್ಮೆ ತಪ್ಪದ ತೋರಸ್ರಿ." ಬರೆದುಕೊಟ್ಟ ನಂಬರು ನೀನು ನನ್ನ ವಯಸ್ಸಿನ ಅಂದಾಜಿಗೆ ಇಟ್ಟದ್ದರದೇ. ಗಾಡಿಯಲ್ಲಿ ದಿನಾ ಕರದಂಟಿನ ಡಬ್ಬಿ ಮುಂದೆ ಹಿಡಿದು ಇದನ್ನು ಓದು, ಅದನ್ನು ಓದು ಎನ್ನುತ್ತಿದ್ದದ್ದು ಏಕೆಂದು ಆಗ ತಿಳಿಯಿತು ಕಳ್ಳಿ. ನಾನು ನೋಡದೇ ಬಾಯಿಪಾಠ ಒಪ್ಪಿಸುತ್ತಿದ್ದೆ. ಡಬ್ಬಿಯನ್ನು ತಲೆಕೆಳಗಾಗಿ ಹಿಡಿದಾಗಲೂ ಓದಿದೆನಂತಲ್ಲ, ಉದ್ದಪ್ಪ ಮೊನ್ನೆ ಫೋನಿನಲ್ಲಿ ಹೇಳಿ ನಕ್ಕ.

ಆಸ್ಪತ್ರೆಯಿಂದ ಹೊರಬಿದ್ದವಳೇ ಬಸ್‌ಸ್ಟ್ಯಾಂಡಿನಲ್ಲಿ ಎರಡು ಪ್ಲೇಟು ಮಿರ್ಚಿ ಭಜಿ ಖಾಲಿ ಮಾಡಿದೆ. ನಿನ್ನ ಹೆಸರು ಹೇಳಿಕೊಂಡು ತಿಂದೆ.

ಅಂದೇ ನಿನಗೆ ಫೋನು ಮಾಡಬೇಕಿತ್ತು, ಮಾಡಲಿಲ್ಲ, ಅದು ಮಾತ್ರ ಬರೀ ಸೊಕ್ಕು. ತಪ್ಪಾಯಿತು, ಕ್ಷಮಿಸು. ರಾಜಸ್ಥಾನಕ್ಕೆ ಬರುತ್ತೇನೆ. ಹೂಂ. ಕೇಳಿಸದಿದ್ದರೆ ಇನ್ನೊಂದು ಸಲ, ಹೂಂ. ಈ ಸಲ ನನ್ನ ಸೂಜಿಗಳನ್ನು ನಾನೇ ನೋಡಿ ಆರಿಸಿಕೊಳ್ಳುತ್ತೇನೆ. ಲಕೋಟೆಯಲ್ಲಿ ಒಂದು ಸೂಜಿ ಇಟ್ಟಿದ್ದೇನೆ, ಕೈಗೆ ಚುಚ್ಚಿಕೊಂಡೀಯ, ಜೋಪಾನ. ಕೆಂಪು ದಾರ ಪೋಣಿಸಿದವಳು ನಾನೇ. ಕೌದಿಯ ನಾಲ್ಕನೆಯ ಮೂಲೆ ಇನ್ನೂ ತೆರೆದಿದೆ. ಮುಂದಿನ ರವಿವಾರ ನಿನ್ನ ಮನೆಯ ಒಂದು ರೊಟ್ಟಿ ತೆಗೆದುಕೊಂಡು ಕುಲಗೋಡಕ್ಕೆ ಬಾ.

ನಿನ್ನ ಮೂಡಲಗಿ ಬೆಂಚಿನ,
ಚಾಳೀಸಿನ ಮಾಯಾ

ತಾ.ಕ.: ಗೋಕಾಕಕ್ಕೆ ಒಬ್ಬಳೇ ಹೋದೆನೆಂದು ಮೇಲೆ ಬರೆದದ್ದು ಸುಳ್ಳು, ಹೊಡೆದುಹಾಕಲು ಮನಸ್ಸಾಗಲಿಲ್ಲ. ಅಂದು ಅತ್ತದ್ದು ಅವ್ವನಿಗೆ ಕೇಳಿಸಿತ್ತು. ಮುಂಜಾನೆ ನನಗಿಂತ ಮೊದಲು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಬಸ್‌ಸ್ಟ್ಯಾಂಡಿನಿಂದ ನಾನು ಎರಡು ಸಲ ತಿರುಗಿ ಹೊರಟರೂ ಹಿಡಿದ ಕೈ ಬಿಡಲಿಲ್ಲ. ಆಸ್ಪತ್ರೆಯವರು ಕೋಲು ಹಿಡಿದವಳನ್ನು ನೋಡಿ ಅವ್ವನನ್ನೇ ಕುರ್ಚಿಯಲ್ಲಿ ಕೂಡ್ರಿಸಿದರು. ಅವಳು, "ನನಗಲ್ರಿ, ಈಕೀಗೆ ನೋಡ್ರಿ. ಈಕಿ ಅಂಜತಾಳ, ಅದಕ್ಕ ನಾ ಕೈ ಹಿಡದು ಕರಕೊಂಡ ಬಂದೇನಿ" ಎಂದಳು. ಎರಡನೆಯ ಪ್ಲೇಟು ಮಿರ್ಚಿ ತಿಂದವಳೂ ಅವಳೇ. ಈಗ ರಾಜಸ್ಥಾನದಲ್ಲಿ ಒಂಟೆಯನ್ನು ಮುಟ್ಟಿ ನೋಡಬೇಕಂತೆ. ಉದ್ದಪ್ಪನಿಗೆ ಹೇಳು, ಕಿಟಕಿಯ ಬಾಜೂ ಇನ್ನೊಂದು ಸೀಟು ಹಿಡಿದಿಡಲಿ.