ನಮ್ಮ ಕಾರಿನ ನಾಲ್ಕನೇ ಯಜಮಾನ

ಬೋಲ್ಟು,

ನಾವು ತಯಾರಿಸುತ್ತಿದ್ದ ಬಡವರ ಕಾರಿನ ಹೆಸರನ್ನು ಈಗ ಫ್ಯಾನ್ ಕಂಪನಿಯೊಂದು ಕೊಂಡಿದೆ. ಮೊದಲ ಯಜಮಾನ ಕಾರ್ಖಾನೆ ಕಟ್ಟಿದ, ಎರಡನೆಯವನು ಅರ್ಧ ಜನರನ್ನು ಕೆಲಸದಿಂದ ಅಟ್ಟಿದ, ಮೂರನೆಯವನು ಬಾಗಿಲು ಹಾಕಿಬಿಟ್ಟ. ನಾಲ್ಕನೆಯವನಿಗೆ ಫ್ಯಾನಿನ ಮೇಲೆ ಹಾಕೋಕೆ ಹೆಸರಷ್ಟೇ ಸಾಕಂತೆ.

ಇವತ್ತು ಅವರ ಜಾಹೀರಾತಿನ ಹುಡುಗಿ ಹಳೇ ಫೋಟೊ ಕೇಳಿಕೊಂಡು ಮನೆಗೆ ಬಂದಿದ್ದಳು. ಮೊದಲ ಕಾರಿಗೆ ಒರಗಿ ನೀನೂ ನಾನೂ ನಗುತ್ತಿರುವುದನ್ನು ಕೊಟ್ಟೆ.

"ಪಕ್ಕದಲ್ಲಿರೋರು ಯಾರು ಸಾರ್? ಅವರ ಒಪ್ಪಿಗೆ ಸಹಿನೂ ಬೇಕು."

"ಪೇಂಟ್ ಶಾಪಿನ ಮೇಸ್ತ್ರಿ. ತೀರ್ಕೊಂಡ."

"ಅಯ್ಯೋ. ಹಾಗಾದ್ರೆ ಅವರನ್ನ ಕತ್ತರಿಸಿಬಿಡ್ಲಾ? ನಿಮ್ಮ ಭುಜದ ಮೇಲೆ ಕೈ ಮಾತ್ರ ಉಳಿಯುತ್ತೆ, ಅದನ್ನೂ ಕಂಪ್ಯೂಟರಲ್ಲಿ ಅಳಿಸ್ತೀವಿ."

"ಆಯ್ತಮ್ಮ" ಎಂದೆ.

ಎರಡನೇ ಯಜಮಾನ ಅಟ್ಟಲಿದ್ದವರ ಪಟ್ಟಿಯಲ್ಲಿ ನಿನ್ನ ಹೆಸರು ತೋರಿಸಿ, "ನಿಮ್ಮ ಕೈಕೆಳಗಿನ ಇವನನ್ನ ತೆಗೆದುಬಿಡ್ಲೇನ್ರೀ?" ಎಂದು ಮ್ಯಾನೇಜರು ಕೇಳಿದ ದಿನವೂ ನಾನು "ಆಯ್ತು ಸಾರ್" ಎಂದಷ್ಟೇ ಹೇಳಿದ್ದೆ.