ಆ ಪಟ್ಟಿಯನ್ನು ಮುಟ್ಟಬೇಡಿ ಭಾವ

ನಗುವುದಕ್ಕೆ ಈಗಾಗಲೇ ಬಾಯಿ ತೆರೆದಿರುವ ಭಾವನಿಗೆ,

ಬಾಯಿ ಮುಚ್ಚಿಕೊಳ್ಳಿ. ನಾನು ಹೋದ ವಾರ ಕಳಿಸಿದ, ನಿಮ್ಮ ಕ್ಷೌರದಂಗಡಿಯ ಕನ್ನಡಿ ಪಕ್ಕ ತೂಗುತ್ತಿರುವ, ಕತ್ತಿ ಮಸೆಯುವ ಚರ್ಮದ ಪಟ್ಟಿಯಿಂದ ಮೊದಲು ದೂರ ನಿಲ್ಲಿ. ಆಮೇಲೆ ಓದಿ.

ಅಕ್ಷರ ಕುಡುಕನ ನಡಿಗೆಯ ಹಾಗಿದೆ ಎಂದು ಅಕ್ಕ ಬೈದಾಳು. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಮೊಣಕೈವರೆಗೂ ಊದಿದೆ.

ಚರ್ಮ ಆರಿಸುವ ನನ್ನ ರೀತಿ ನಿಮಗೆ ಗೊತ್ತು. ಕುದುರೆಯ ಬೆನ್ನಿನ ಹಿಂಭಾಗದ್ದೇ ಆಗಬೇಕು. ಹೊಟ್ಟೆಯ ಕಡೆಯದು ಹಿಗ್ಗುತ್ತದೆ, ನಮ್ಮಿಬ್ಬರ ಹೊಟ್ಟೆಯ ಹಾಗೆ. ಮಡಿಸಿ ಕಿವಿಗೆ ಹಿಡಿದರೆ ಗೊಣಗಬಾರದು. ಕೊನೆಗೆ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಒತ್ತಿದರೆ ಗುರುತು ಉಳಿಯಬಾರದು. ಅದಕ್ಕೇ ತಾನೇ ನೀವು ನನಗೆ ಹೆಬ್ಬೆಟ್ಟು ಎಂದು ಹೆಸರಿಟ್ಟಿದ್ದು? ಆ ಸಿಟ್ಟಿಗೇ ಪ್ರತಿ ಕಾಗದದ ಕೊನೆಗೂ ಶಾಯಿಯಲ್ಲಿ ಹೆಬ್ಬೆಟ್ಟು ಒತ್ತುತ್ತಾ ಬಂದೆ.

ಈ ಸಲವೂ ಚರ್ಮ ಹದ ಮಾಡುವ ಮುದುಕನನ್ನು ಎಂದಿನಂತೆ ಕೇಳಿದೆ, "ಕುದುರೆ ಹೇಗೆ ಸತ್ತಿದ್ದು?" ಎಂದು. ಬಟ್ಟೆ ಸುತ್ತಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, "ನಿಂಗೆ ಚರ್ಮ ಬೇಕಾ, ಕುದುರೆ ಕಥೆ ಬೇಕಾ?" ಅಂದ. ಮಾತು ಚೆನ್ನಾಗಿತ್ತು, ನಕ್ಕುಬಿಟ್ಟೆ. ನಗಿಸಿದವನನ್ನು ಮತ್ತೆ ಕೆದಕುವುದು ನನ್ನ ಕೈಲಾಗದ ಕೆಲಸ. ಬೇರೆ ಯಾರೇ ಆಗಿದ್ದರೂ ಆ ಕೈಯ ಬಗ್ಗೆ ಕೇಳುತ್ತಿದ್ದರು.

ಅಂಥ ಚರ್ಮವನ್ನು ಜನ್ಮದಲ್ಲಿ ಕಂಡಿರಲಿಲ್ಲ. ಎರಡು ಪಟ್ಟಿ ಕೊಯ್ದೆ, ನನಗೊಂದು, ನಿಮಗೊಂದು.

ನಾಲ್ಕನೇ ದಿನ ಹೆಬ್ಬೆರಳ ಮೇಲೆ ಸಣ್ಣ ಗುಳ್ಳೆ ಎದ್ದಿತು. ಈಗ ಅದರ ನಡುವೆ ಇದ್ದಿಲಿನ ಕಪ್ಪು. ನೋವೇ ಇಲ್ಲ ಭಾವ, ಅದೇ ಭಯ. ಡಾಕ್ಟರು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. "ರೋಗ ಬಂದು ಸತ್ತ ಪ್ರಾಣಿದು ಇದು. ಹದ ಮಾಡಿದ್ರೂ ಇದರ ವಿಷ ಸಾಯಲ್ಲ. ಉಳಿದ ಚರ್ಮ ಎಲ್ಲಿ?" ಅಂದರು. ಮುದುಕನ ಮನೆಗೆ ಜನ ಕಳಿಸಿದರೆ, ಅವನನ್ನು ಹಿಂದಿನ ದಿನವೇ ಹೂತಿದ್ದರು.

ನನ್ನ ಪಟ್ಟಿಯನ್ನು ಡಾಕ್ಟರೇ ಸುಡಿಸಿದರು. ಉಳಿದದ್ದು ನಿಮ್ಮಲ್ಲಿದೆ. ಕತ್ತಿ ಎಳೆಯುವ ಮುಂಚೆ ಪಟ್ಟಿಯನ್ನು ಅಂಗೈಯಿಂದ ಗಸಗಸ ಉಜ್ಜಿ ಬೆಚ್ಚಗೆ ಮಾಡುವ ನಿಮ್ಮ ಅಭ್ಯಾಸ ನೆನಪಾಗಿಯೇ ಈ ಕಾಗದ ಬರೆಯಲು ಕೂತೆ. ಆಮೇಲೆ ಅದೇ ಕತ್ತಿ ಎಷ್ಟು ಜನರ ಗಂಟಲ ಮೇಲೆ ಹರಿಯುತ್ತದೋ.

ನೀವು ನಂಬುವುದಿಲ್ಲ. ಹೋದ ವರ್ಷ ನಾನು ಸತ್ತೆನೆಂದು ನಾನೇ ಕಾಗದ ಹಾಕಿದೆ. ಅಕ್ಕ ಅಳುತ್ತಾ ಓಡಿಬಂದರೆ ಬಾಗಿಲಲ್ಲೇ ನಿಂತು, "ಬರೋಕೆ ಇಷ್ಟು ಹೊತ್ತಾ?" ಅಂದೆ. "ಇನ್ಮೇಲೆ ನೀನು ನಿಜವಾಗ್ಲೂ ಸತ್ರೂ ನಾನು ಬರಲ್ಲ ಕಣೋ" ಅಂದಿರಿ ನೀವು.

ಅದಕ್ಕೇ ಒಂದು ಸಾಕ್ಷಿ ಕೊಡುತ್ತೇನೆ. ಸಿಕ್ಕಿಬೀಳದ ಕೀಟಲೆಯನ್ನು ನಾನು ಯಾವತ್ತೂ ಒಪ್ಪಿಕೊಂಡವನಲ್ಲ. ನಿಮ್ಮ ಮದುವೆಯ ಬೆಳಿಗ್ಗೆ ಕತ್ತಿ ಜಾರಿ ಗಲ್ಲ ಸೀಳಿತಲ್ಲ, ಪಟ್ಟಿಗೆ ಬೆಣ್ಣೆ ಸವರಿದ್ದು ನಿಮ್ಮ ಅಣ್ಣನಲ್ಲ. ನಾನು. ಅವರು ಸಾಯುವವರೆಗೂ ನೀವು ಅವರ ಜೊತೆ ಮಾತಾಡಲಿಲ್ಲ. ನಾನು ನೋಡುತ್ತಾ ಸುಮ್ಮನಿದ್ದೆ. ಇದನ್ನು ಯಾರೂ ತಮಾಷೆಗೆ ಹೇಳುವುದಿಲ್ಲ ಭಾವ.

ಬೇಕಾದಷ್ಟು ಶಪಿಸಿ. ಆದರೆ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ಹಾಕಿ. ಆ ಕತ್ತಿಯನ್ನು ಯಾರ ಮೈಗೂ ತಾಗಿಸಬೇಡಿ. ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳಿ. ನೋಯದ ಗುಳ್ಳೆ ಕಂಡರೆ ಚಪ್ಪಲಿ ಹುಡುಕುತ್ತಾ ಕೂರದೆ ಡಾಕ್ಟರ ಹತ್ತಿರ ಓಡಿ. ಬೇಗ ಹೋದವರು ಉಳಿಯುತ್ತಾರಂತೆ. ನಾನು ನಗುತ್ತಾ ತಡಮಾಡಿದೆ.

ನೀವು ಹೇಳಿದಂತೆಯೇ ಈ ಸಲ ಬರಬೇಡಿ. ಅಕ್ಕನನ್ನೂ ಕಳಿಸಬೇಡಿ. ನಿಮ್ಮ ಅಂಗೈ ಚೊಕ್ಕವಾಗಿರಲಿ.

ಇಂತಿ ನಿಮ್ಮ
ಹೆಬ್ಬೆಟ್ಟು

ಹೆಸರು ಮಾತ್ರ ಬರೆದಿದ್ದೇನೆ. ಈ ಸಲ ಒತ್ತಿಲ್ಲ.